ಜೋಳದ ಬೇರಿಗೆ ಕಾವಲು ಯಾರು?

ಬೆಂಗಳೂರಿನ ಮೂಡಲಪಾಳ್ಯ, ವಿಜಯನಗರದ ಕಡೆಯ ಖಾನಾವಳಿಗಳಲ್ಲಿ ಬಡಿಯುವ ಬಿಳಿಜೋಳದ ರೊಟ್ಟಿಯ ತವರು ವಿಜಯಪುರ, ಕಲಬುರಗಿ ಸೀಮೆಯ ಎರೆ ಭೂಮಿ. ಅಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ಪುಣ್ಯ, ಬಾರದಿದ್ದರೆ ಮಣ್ಣು ಹಿಡಿದಿಟ್ಟ ತೇವವೇ ಗತಿ. ಮಾಲದಂಡಿ ಎಂದು ರೈತರು ಕರೆಯುವ ಎಂ 35-1 ತಳಿ ಹಲವು ದಶಕಗಳಿಂದ ಹೀಗೆಯೇ ಬದುಕಿದೆ. ಆದರೆ ತೆನೆಯಲ್ಲಿ ಕಾಳು ಕಟ್ಟುವ ಹೊತ್ತಿಗೆ ಹೊಲ ಒಣಗಿದರೆ ಒಳ್ಳೆಯ ಬೆಳೆಯೂ ಬುಡದಲ್ಲಿ ಮುರಿದು ಮಲಗುತ್ತದೆ. ದಂಟು ಸೀಳಿ ನೋಡಿದರೆ ತಿರುಳು ನಾರುನಾರಾಗಿ, ಅದಕ್ಕೆ ಇದ್ದಿಲ ಪುಡಿ ಮೆತ್ತಿದಂತೆ ಕಪ್ಪು ಚುಕ್ಕಿಗಳು. ಇದು ಮ್ಯಾಕ್ರೊಫೋಮಿನಾ ಎಂಬ ಶಿಲೀಂಧ್ರ ತರುವ ಇದ್ದಿಲು ಕೊಳೆ ರೋಗ. ಐನೂರಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಬೀಳುವ ಈ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂತು, ಬೇರಿನ ಮೂಲಕ ಒಳಗೆ ನುಗ್ಗುತ್ತದೆ.

ಗಿಡವೇನೂ ಬರಿಗೈಯಲ್ಲಿ ನಿಂತಿಲ್ಲ. ಏಕದಳ ಧಾನ್ಯಗಳ ಬೇರು ತಾನೇ ತಯಾರಿಸಿಕೊಳ್ಳುವ ಮದ್ದಿಗೆ ಬಲವಾದ ಸಾಕ್ಷಿ ಸಿಕ್ಕಿದ್ದು ಓಟ್ಸ್‌ನಲ್ಲಿ. ಅದರ ಎಳೆಯ ಬೇರಿನ ಹೊರಪದರದಲ್ಲಿ ಅವೆನಾಸಿನ್ ಎಂಬ ಸಾಪೋನಿನ್ ಇರುತ್ತದೆ. ಅಂಟುವಾಳಕಾಯಿಯಲ್ಲಿ ನೊರೆ ಬರಿಸುವುದೂ ಇದೇ ಜಾತಿಯ ರಾಸಾಯನಿಕ. ಅವೆನಾಸಿನ್ ಶಿಲೀಂಧ್ರದ ಕೋಶಪೊರೆಯ ಸ್ಟೆರಾಲ್‌ಗಳಿಗೆ ಅಂಟಿಕೊಂಡು ಪೊರೆಯನ್ನೇ ತೂತು ಮಾಡುತ್ತದೆ. ಗೋಧಿಯಲ್ಲಿ ಇದಿಲ್ಲ. ಅದರ ಬೇರನ್ನು ಕರಕಲು ಮಾಡುವ ಟೇಕ್-ಆಲ್ ರೋಗದ ಶಿಲೀಂಧ್ರಕ್ಕೆ ಓಟ್ಸ್‌ನ ಬೇರು ಜಗ್ಗದಿರುವುದು ಇದರಿಂದಲೇ ಎಂಬ ಗುಮಾನಿ ಹಿಂದಿನಿಂದಲೂ ಇತ್ತು. ಗುಮಾನಿ ಪುರಾವೆಯಾಗಲು ಗಿಡದಿಂದ ಆ ಮದ್ದನ್ನು ಕಿತ್ತುಕೊಂಡು ನೋಡಬೇಕಿತ್ತು. ಇಂಗ್ಲೆಂಡಿನ ನಾರಿಚ್‌ನಲ್ಲಿ ಆನ್ ಆಸ್ಬರ್ನ್ ತಂಡ ಮಾಡಿದ್ದು ಅದನ್ನೇ. ಅತಿನೇರಳೆ ಬೆಳಕಿನಲ್ಲಿ ಅವೆನಾಸಿನ್ ಇರುವ ಬೇರು ನೀಲಿಯಾಗಿ ಹೊಳೆಯುತ್ತದೆ. ಹೊಳೆಯದ ಬೇರುಗಳ ಸಸಿಗಳನ್ನು ಆರಿಸಿ ತೆಗೆದು ರೋಗಕ್ಕೊಡ್ಡಿದಾಗ ಅವು ಸೋತವು. ಆ ವರದಿ ಬಂದದ್ದು 1999ರಲ್ಲಿ.

ಹಾಗಿದ್ದರೆ ಇಂಥ ಮದ್ದಿನ ಜೀನುಗಳನ್ನು ಎಲ್ಲ ಬೆಳೆಗೂ ಸೇರಿಸಿಬಿಟ್ಟರೆ ಆಯಿತಲ್ಲ ಎಂದು ಯಾರಾದರೂ ಕೇಳುವುದು ಸಹಜ. ಇದಕ್ಕೆ ಉತ್ತರ 1995ರಲ್ಲೇ ಅದೇ ತಂಡದಿಂದ ಬಂದಿತ್ತು. ಓಟ್ಸ್‌ಗೂ ತಗಲುವ ಒಂದು ಬಗೆಯ ಟೇಕ್-ಆಲ್ ಶಿಲೀಂಧ್ರವಿದೆ. ಅದರ ಬಳಿ ಅವೆನಾಸಿನ್ನಿನ ಸಕ್ಕರೆಯ ಭಾಗವನ್ನು ಕತ್ತರಿಸಿಹಾಕುವ ಕಿಣ್ವವಿದೆ. ಆ ಕಿಣ್ವದ ಜೀನನ್ನು ಕೆಡಿಸಿದಾಗ ಅದಕ್ಕೆ ಓಟ್ಸ್ ದಕ್ಕಲಿಲ್ಲ, ಗೋಧಿಯನ್ನು ಮಾತ್ರ ಮೊದಲಿನಂತೆಯೇ ತಿಂದಿತು. ಒಂದೇ ಕಿಣ್ವಕ್ಕೆ ಮುರಿದುಬೀಳುವ ಕೋಟೆಯನ್ನು ಹೊಲಹೊಲಕ್ಕೂ ಕಟ್ಟುವುದು ಜಾಣತನವಲ್ಲ. ವಿಷವಿರುವ ಗಿಡ ತಿನ್ನಲು ತಕ್ಕದ್ದೇ ಎಂಬ ಇನ್ನೊಂದು ಅಳುಕನ್ನೂ ಅಲ್ಲಗಳೆಯಲಾಗದು. ಎಳೆ ಜೋಳದಲ್ಲಿರುವ ಢುರಿನ್ ಜಗಿದೊಡನೆ ಸಯನೈಡ್ ಬಿಡುತ್ತದೆ. ಎಳೆ ಪೈರಿಗೆ, ಕೂಳೆ ಚಿಗುರಿಗೆ ದನ ಬಿಡಬಾರದೆಂದು ಹಳ್ಳಿಯವರು ಎಚ್ಚರ ವಹಿಸುವುದು ಇದಕ್ಕೇ. ಆದ್ದರಿಂದ ಮದ್ದು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ, ಯಾವಾಗ ಹೊರಬರುತ್ತದೆ ಎಂಬುದೇ ಮುಖ್ಯ ಎಂದು ನನ್ನ ವಾದ. ಜೋಳದ ಎಲೆಯೇ ಇದನ್ನು ತೋರಿಸುತ್ತದೆ. ಚಿಬ್ಬು ರೋಗದ ಶಿಲೀಂಧ್ರ ತಾಗಿದ ಕೋಶದಲ್ಲಿ ಕೆಂಬಣ್ಣದ ರಾಸಾಯನಿಕ ತುಂಬಿದ ಗುಳಿಗೆಗಳು ಹುಟ್ಟಿ, ದಾಳಿ ನಡೆದ ಜಾಗಕ್ಕೇ ಸರಿದು ಒಡೆಯುವುದನ್ನು 1990ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡರು. ಉಳಿದ ಕೋಶಗಳಿಗೆ ಆ ಖರ್ಚಿಲ್ಲ.

ಖರ್ಚಿನ ಮಾತೇ ಇದ್ದಿಲು ಕೊಳೆಯ ಗುಟ್ಟನ್ನೂ ಬಿಡಿಸುತ್ತದೆ. ಕಾಳು ಕಟ್ಟುವಾಗ ತೆನೆ ಗಿಡದ ಸಕ್ಕರೆಯನ್ನೆಲ್ಲ ಎಳೆದುಕೊಳ್ಳುತ್ತದೆ. ನೀರಿಲ್ಲದೆ ಎಲೆ ಸೊರಗಿದರೆ ಹೊಸ ಸಕ್ಕರೆ ಹುಟ್ಟದು. ಆಗ ಬೇರಿಗೆ ತನ್ನ ರಕ್ಷಣೆಯ ಮದ್ದು ತಯಾರಿಸುವ ಚೈತನ್ಯವೇ ಉಳಿಯುವುದಿಲ್ಲ ಎನ್ನುತ್ತಾರೆ ಸಸ್ಯರೋಗ ತಜ್ಞರು. ಕಾಳು ಕಟ್ಟದ, ತೆನೆ ತೆಗೆದ ಗಿಡಗಳನ್ನು ಈ ರೋಗ ಅಷ್ಟಾಗಿ ಕಾಡದಿರುವುದು ಈ ಮಾತಿಗೆ ಒಳ್ಳೆಯ ಆಧಾರ. ಹಾಗಾದರೆ ಇದು ಬರದ ಸಮಸ್ಯೆಯೇ ಹೊರತು ರಸಾಯನದ್ದಲ್ಲ ಎನ್ನಬಹುದೇ? ಎರಡನ್ನೂ ಬಿಡಿಸಿ ನೋಡುವುದೇ ತಪ್ಪು ಎನಿಸುತ್ತದೆ. ಕಾರ್ಖಾನೆಗೆ ಕಚ್ಚಾ ಮಾಲು ಬಾರದಿದ್ದರೆ ಯಂತ್ರ ಇದ್ದೂ ಪ್ರಯೋಜನವೇನು? ಬರದಲ್ಲೂ ಎಲೆ ಹಸಿರಾಗಿ ಉಳಿಯುವ ಗುಣವನ್ನು ಇಥಿಯೋಪಿಯಾ ಮೂಲದ ಬಿ 35 ಸಾಲಿನಿಂದ ನಮ್ಮ ಜೋಳಕ್ಕೆ ತರಲು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದುಡಿದಿದ್ದಾರೆ. ಬೇರಿಗೆ ಕೊನೆಯವರೆಗೂ ಆಹಾರ ಒದಗಿಸುವ ಈ ದಾರಿ, ಯಾವುದೋ ಒಂದು ವಿಷದ ಜೀನನ್ನು ತುರುಕುವುದಕ್ಕಿಂತ ನನಗೆ ಹೆಚ್ಚು ನೆಚ್ಚಿಕೆಯದಾಗಿ ಕಾಣುತ್ತದೆ.

ಹಿಂಗಾರಿ ಜೋಳ ಬಿತ್ತುವವರು ಹೊಸ ತಳಿಗೆ ಕಾಯಬೇಕಿಲ್ಲ. ಒತ್ತೊತ್ತಾಗಿ ಬೆಳೆದ ಸಸಿಗಳನ್ನು ತೆಳುಗೊಳಿಸಿ, ಯೂರಿಯಾದ ಕೈ ಬಿಗಿಹಿಡಿದು, ಎಡೆಕುಂಟೆ ಹೊಡೆದು ಮಣ್ಣಿನ ಬಿರುಕು ಮುಚ್ಚಿ. ತೇವ ಹೆಚ್ಚು ದಿನ ನಿಂತ ಹೊಲದಲ್ಲಿ ಇದ್ದಿಲು ಕೊಳೆ ಕಡಿಮೆ.