ಉತ್ತರ ಬರಲಿಲ್ಲ ಅಂದರೆ ಕೆಲಸ ಆಗಿಲ್ಲವೇ?

ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಹಣ ಕಳಿಸುತ್ತೀರಿ. ಚಕ್ರ ಸುತ್ತಿ ಸುತ್ತಿ ‘ಪೆಂಡಿಂಗ್’ ಎಂದು ನಿಲ್ಲುತ್ತದೆ. ಪಕ್ಕದವರ ಸಲಹೆ ಸಿದ್ಧವಾಗಿರುತ್ತದೆ: ‘ಸರ್ವರ್ ಡೌನು, ಹೋಗಿಲ್ಲ, ಇನ್ನೊಂದ್ಸಲ ಹಾಕಿ.’ ಜಾಲದಲ್ಲಿ ಕೂಡಿ ದುಡಿಯುವ ಕಂಪ್ಯೂಟರುಗಳ ಬಗೆಗಿನ ತಪ್ಪು ಕಲ್ಪನೆಗಳಲ್ಲಿ ಇಷ್ಟು ಹಠಮಾರಿಯಾದದ್ದು ಇನ್ನೊಂದಿಲ್ಲ. ಉತ್ತರ ಬಾರದಿರಲು ಕಾರಣ ಹಲವು. ಕೋರಿಕೆ ದಾರಿಯಲ್ಲೇ ಕಳೆದುಹೋಗಿರಬಹುದು. ಕೆಲಸ ಮುಗಿದು ಉತ್ತರ ಮಾತ್ರ ಕಳೆದಿರಬಹುದು. ಆಚೆಯ ಯಂತ್ರ ನಿಧಾನವಾಗಿ ಇನ್ನೂ ದುಡಿಯುತ್ತಿರಬಹುದು. ಕಾಯುವವರಿಗೆ ಕಾಣುವುದು ಮಾತ್ರ ಒಂದೇ ಮೌನ, ಅದನ್ನು ‘ಇಲ್ಲ’ ಎಂದು ಓದಲು ಯಾವ ಆಧಾರವೂ ಇಲ್ಲ. ಈ ತಪ್ಪನ್ನು ಯಂತ್ರಗಳೂ ಮಾಡುತ್ತವೆ. 2018ರ ಅಕ್ಟೋಬರ್ 21ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಪ್ಟಿಕಲ್ ಉಪಕರಣವೊಂದನ್ನು ಬದಲಿಸುವಾಗ ತಂತ್ರಾಂಶದ ಕೋಡ್ ಕೂಡಿಡುವ ತಾಣವಾದ ಗಿಟ್‌ಹಬ್‌ನ ಸಂಪರ್ಕ 43 ಸೆಕೆಂಡು ಕಡಿಯಿತು. ಮೇಲ್ವಿಚಾರಣೆಯ ತಂತ್ರಾಂಶ ಪೂರ್ವದ ಡೇಟಾಬೇಸ್ ಕೈಗೆ ಸಿಗುತ್ತಿಲ್ಲವೆಂದು ಪಶ್ಚಿಮ ಕರಾವಳಿಯದಕ್ಕೆ ಪಟ್ಟ ಕಟ್ಟಿತು. ಪೂರ್ವದ್ದು ಸತ್ತಿರಲಿಲ್ಲ, ಪಶ್ಚಿಮಕ್ಕೆ ನಕಲಾಗದ ಕೆಲವು ಸೆಕೆಂಡುಗಳ ದಾಖಲೆ ಅದರಲ್ಲಿ ಉಳಿದಿತ್ತು. ಅಷ್ಟರಲ್ಲಿ ಪಶ್ಚಿಮದಲ್ಲೂ ಹೊಸ ದಾಖಲೆ ಸೇರಿಕೊಂಡಿತು. ಎರಡು ಲೆಕ್ಕಗಳು ಬೇರೆಬೇರೆಯಾದ್ದರಿಂದ ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಬೇಕಾಯಿತು.

‘ಪ್ರತಿ ಸಂದೇಶಕ್ಕೂ ರಸೀದಿ ಕೇಳಿದರಾಯಿತಲ್ಲ’ ಎನ್ನುವವರಿದ್ದಾರೆ. ಆ ರಸೀದಿಯೂ ಅದೇ ದಾರಿಯಲ್ಲಿ ಬರಬೇಕು, ಅದೂ ಕಳೆಯಬಹುದು. ರಸೀದಿ ತಲುಪಿತೆನ್ನಲು ಇನ್ನೊಂದು ರಸೀದಿ ಬೇಕು. ಹೀಗೆ ಎಷ್ಟು ಪತ್ರ ಓಡಾಡಿದರೂ ಇಬ್ಬರಿಗೂ ಪೂರ್ತಿ ಖಾತರಿ ಸಿಗದೆಂಬ ವಾದ 1975ರಷ್ಟು ಹಳೆಯದು. ಅದಕ್ಕೆ ‘ಇಬ್ಬರು ಸೇನಾಪತಿಗಳ ಸಮಸ್ಯೆ’ ಎಂಬ ಹೆಸರು ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಅವರಿಂದ ಬಂತು. ಹೆಚ್ಚು ಹೊತ್ತು ಕಾದರೆ? ಎಷ್ಟು ಹೊತ್ತು ಎಂಬುದೇ ಪ್ರಶ್ನೆ. ಸಂದೇಶ ತಡವಾಗುವುದಕ್ಕೆ ಮಿತಿಯೇ ಇಲ್ಲದ ಜಾಲದಲ್ಲಿ, ಕೆಡಬಹುದಾದ ಯಂತ್ರ ಒಂದೇ ಇದ್ದರೂ, ನಿಗದಿತ ಹೆಜ್ಜೆಗಳ ಯಾವ ವಿಧಾನವೂ ಒಮ್ಮತಕ್ಕೆ ಬಂದೇ ತೀರುತ್ತದೆಂಬ ಭರವಸೆ ಕೊಡಲಾರದೆಂದು ಕಂಪ್ಯೂಟರ್ ವಿಜ್ಞಾನಿಗಳಾದ ಫಿಶರ್, ಲಿಂಚ್, ಪ್ಯಾಟರ್‌ಸನ್ 1985ರಲ್ಲಿ ಸಾಧಿಸಿ ತೋರಿಸಿದರು.

ಹಾಗಾದರೆ ಇಷ್ಟೆಲ್ಲ ವ್ಯವಹಾರ ನಡೆಯುವುದಾದರೂ ಹೇಗೆ? ಮೌನದ ಅರ್ಥ ಊಹಿಸದೆ, ಮತ್ತೆ ಕೇಳಿದರೂ ಕೆಡದಂತೆ ಕೆಲಸವನ್ನು ಕಟ್ಟುವುದರಿಂದ. ಯುಪಿಐ ಪಾವತಿಗೆ 12 ಅಂಕಿಯ ಗುರುತು ಸಂಖ್ಯೆ ಇರುತ್ತದೆ. ಅದೇ ಗುರುತಿನ ಕೋರಿಕೆ ಮತ್ತೆ ಬಂದರೆ, ಸರಿಯಾಗಿ ಕಟ್ಟಿದ ವ್ಯವಸ್ಥೆ ‘ಇದು ಆಗಲೇ ಆಗಿದೆ’ ಎಂದು ಹಳೆಯ ಫಲಿತಾಂಶವನ್ನೇ ಕೊಡುತ್ತದೆ. ಪಕ್ಕದವರ ಮಾತು ಕೇಳಿ ನೀವು ಎರಡನೇ ಸಲ ಹಾಕಿದಾಗ ಹುಟ್ಟುವುದು ಹೊಸ ಸಂಖ್ಯೆ, ಹೊಸ ಪಾವತಿ. ಅದು ಹಳೆಯದರ ಮರುಪ್ರಯತ್ನವೆಂದು ಯಂತ್ರಕ್ಕೆ ತಿಳಿಯುವ ದಾರಿಯಿಲ್ಲ. ‘ಪೆಂಡಿಂಗ್’ ಎಂಬುದು ವ್ಯವಸ್ಥೆ ಕೊಡಬಹುದಾದ ಅತ್ಯಂತ ಪ್ರಾಮಾಣಿಕ ಉತ್ತರ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ, ಖಾತೆಯಿಂದ ಕಡಿತವಾಗಿಯೂ ತಲುಪದ ಹಣ ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ವ್ಯಾಪಾರಿಗಾದರೆ 5 ದಿನದೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವಿದೆ.

ಯಂತ್ರ ಹೆಚ್ಚಿದಷ್ಟೂ ವ್ಯವಸ್ಥೆ ಗಟ್ಟಿ ಎಂಬ ನಂಬಿಕೆಯೂ ಇಂಥದೇ ತಪ್ಪು ಕಲ್ಪನೆ: ಶೇ. 99.9ರಷ್ಟು ಹೊತ್ತು ಕೆಡದ 1,000 ಯಂತ್ರಗಳೂ ಒಟ್ಟಿಗೆ ಬೇಕೇಬೇಕು ಎಂದು ಕಟ್ಟಿದರೆ, ಒಂದೊಂದೂ ತನ್ನ ಪಾಡಿಗೆ ಕೆಡುವುದಾದರೆ, ಅಷ್ಟೂ ಸರಿಯಿರುವ ಸಂಭವ ಸುಮಾರು ಶೇ. 37 ಮಾತ್ರ. ಎಲ್ಲ ಯಂತ್ರಗಳಿಗೂ ಒಂದೇ ಗಡಿಯಾರವಿದೆ ಎಂಬುದೂ ಸುಳ್ಳು. ಇವುಗಳಿಂದ ಬೀದಿಯಲ್ಲಿ ಜಗಳವಾಗುವುದಿಲ್ಲ, ಮೌನದ ತಪ್ಪು ಓದಿನಿಂದ ಆಗುತ್ತದೆ. ಗಲ್ಲಾದ ಮೇಲಿನ ಪುಟ್ಟ ಸ್ಪೀಕರ್ ‘ಹಣ ಬಂದಿದೆ’ ಎನ್ನಲಿಲ್ಲವೆಂದು ಗಿರಾಕಿಯನ್ನು ಎಲ್ಲರೆದುರು ಮೋಸಗಾರನಂತೆ ನಿಲ್ಲಿಸಿಕೊಳ್ಳುತ್ತಾರೆ. ನಕಲಿ ಸ್ಕ್ರೀನ್‌ಶಾಟ್ ತೋರಿಸುವವರೂ ಇರುವುದರಿಂದ ಅಂಗಡಿಯವರ ಭಯ ಸುಳ್ಳಲ್ಲ. ಆದರೆ ಆ ಸ್ಪೀಕರ್ ಕೂಡ ತನ್ನದೇ ಸಿಮ್ ಹಾಕಿಕೊಂಡು ಜಾಲದಲ್ಲಿ ಕೂತ ಇನ್ನೊಂದು ಕಂಪ್ಯೂಟರು. ಅದಕ್ಕೆ ಸಿಗ್ನಲ್ ಸಿಗದಿದ್ದರೂ ಹಣ ಖಾತೆ ಸೇರಿರಬಹುದು. ನೋಡಬೇಕಾದದ್ದು ಖಾತೆಯನ್ನು, ಹೊಂದಿಸಬೇಕಾದದ್ದು ಆ 12 ಅಂಕಿಯನ್ನು.