ಮೊದಲು ಒಂದು ಇಂಜಿನ್, ಆಮೇಲೆ ಎರಡು

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ನೂರಾರು ಗಂಟೆ ಹಾರಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಕೊನೆಯ ಎರಡು ಮೂರು ತಿಂಗಳು ನಿದ್ದೆ ಕೆಡಿಸುವುದು ಹಾರಾಟವಲ್ಲ, ಕ್ಯಾಲೆಂಡರ್ ಮತ್ತು ಬ್ಯಾಂಕ್ ಬ್ಯಾಲೆನ್ಸ್!

ನಾನು ಶಿವಮೊಗ್ಗದವಳು. ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ವಾರಾಂತ್ಯದಲ್ಲಿ ವಿಮಾನ ಕಲಿಕೆ. ಊರಲ್ಲಿ ಸೈಟ್ ಕೊಳ್ಳೋಕೆ ಅಂತ ಕೂಡಿಟ್ಟ ದುಡ್ಡು ಇದಕ್ಕೇ ಹೋಗ್ತಿದೆ. ಫೋನಲ್ಲಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಪುಟ್ಟಿ, ಸಿಂಗಲ್ಲು, ಡಬಲ್ಲು ಎರಡೂ ಒಂದೇ ಸಲ ಮುಗಿಸೋಕಾಗಲ್ವಾ?"

ಆಗಲ್ಲ. ಎರಡಕ್ಕೂ ಬೇರೆ ಬೇರೆ ಚೆಕ್‌ರೈಡ್, ಅಂದ್ರೆ ಎಕ್ಸಾಮಿನರ್ ಎದುರಿನ ಮೌಖಿಕ ಮತ್ತು ಹಾರಾಟದ ಪರೀಕ್ಷೆ. ಯಾವುದು ಮೊದಲು ಅನ್ನೋದರ ಮೇಲೇ ಖರ್ಚಿನ ಲೆಕ್ಕವೆಲ್ಲ ನಿಂತಿದೆ.

ಯಾವುದು ಮೊದಲು?

ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ನಿಯಮದಲ್ಲಿ, ನನ್ನಂತೆ ಪಾರ್ಟ್ 61 ಅಡಿ ಕಲಿಯುವವರಿಗೆ ಒಟ್ಟು 250 ಗಂಟೆ ಬೇಕು. ಪಾರ್ಟ್ 141 ಶಾಲೆಗಳಲ್ಲಿ 190 ಸಾಕು.

ಮೊದಲ ಕಮರ್ಷಿಯಲ್ ಪರೀಕ್ಷೆಯನ್ನೇ ಎರಡು ಇಂಜಿನ್ ವಿಮಾನದಲ್ಲಿ ಕೊಟ್ಟರೆ, ಪಾರ್ಟ್ 61ರಲ್ಲಿ ಅದೇ ಬಗೆಯ ವಿಮಾನದಲ್ಲಿ 10 ಗಂಟೆ ತರಬೇತಿ ಬೇಕು. ಮತ್ತೆ 10 ಗಂಟೆ ಒಬ್ಬರೇ, ಇಲ್ಲವೇ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದಾಗ ಕ್ಯಾಪ್ಟನ್ ಜವಾಬ್ದಾರಿ ಹೊತ್ತು ಹಾರಬೇಕು. ಎರಡು ಇಂಜಿನ್ ವಿಮಾನದ ಬಾಡಿಗೆಯೋ, ಕೇಳಲೇಬೇಡಿ.

ಸಿಂಗಲ್ ಮೊದಲು ಮುಗಿಸಿದರೆ ಚಿತ್ರವೇ ಬೇರೆ. ಆಗ ಮಲ್ಟಿ ಬರೀ ಸೇರ್ಪಡೆ. ಮತ್ತೊಂದು ಲಿಖಿತ ಪರೀಕ್ಷೆ ಇಲ್ಲ, ಕನಿಷ್ಠ ಗಂಟೆಗಳ ಲೆಕ್ಕವೂ ಇಲ್ಲ. ನೀವು ಸಿದ್ಧ ಅಂತ ಇನ್‌ಸ್ಟ್ರಕ್ಟರ್ ಲಾಗ್‌ಬುಕ್‌ನಲ್ಲಿ ಸಹಿ ಹಾಕಬೇಕು, ಚೆಕ್‌ರೈಡ್ ಪಾಸಾಗಬೇಕು, ಅಷ್ಟೇ.

2018ರಿಂದ ಇನ್ನೊಂದು ಅನುಕೂಲವಾಗಿದೆ. ಸಿಂಗಲ್ ಪರೀಕ್ಷೆಗೆ ಚಕ್ರ ಮಡಚುವ ವಿಮಾನವೇ ಬೇಕೆಂದಿಲ್ಲ. ಅಂಥದ್ದರಲ್ಲಿ ಮಾಡಬೇಕಿದ್ದ 10 ಗಂಟೆ ತರಬೇತಿಯನ್ನೂ ಡಿಜಿಟಲ್ ಪರದೆ, ಆಟೊಪೈಲಟ್ ಇರುವ ಸಾಮಾನ್ಯ ವಿಮಾನದಲ್ಲಿ ಮಾಡಬಹುದು.

ಏರ್‌ಲೈನ್ ಸೇರುವವರಿಗೆ ಮುಂದೆ ಎಟಿಪಿ ಹಂತದಲ್ಲಿ 50 ಗಂಟೆ ಮಲ್ಟಿ ಅನುಭವ ಬೇಕೇ ಬೇಕು. ದುಡ್ಡು ಹೊಂದಿದರೆ ಮಲ್ಟಿ ಮೊದಲು ಮಾಡೋದೂ ತಪ್ಪಲ್ಲ. ನನಗೆ ಹೊಂದಲಿಲ್ಲ. ಹಾಗಾಗಿ ಸಿಂಗಲ್ ಮೊದಲು.

ಎರಡರ ಸ್ವಭಾವವೇ ಬೇರೆ

ಸಿಂಗಲ್ ಪರೀಕ್ಷೆ ಕೈಚಳಕ ನೋಡುತ್ತೆ. ಚಾಂಡೆಲ್, ಲೇಜಿ ಎಯ್ಟ್‌ನಂಥ ತಿರುವುಗಳು ಇದರಲ್ಲೇ ಬರೋದು. ಎಲ್ಲರೂ ಹೆದರೋದು ಪವರ್ ಆಫ್ 180ಕ್ಕೆ. ರನ್‌ವೇ ಪಕ್ಕದಲ್ಲಿ ಹಾರುತ್ತಿರುವಾಗಲೇ ಥ್ರಾಟಲ್ ಪೂರ್ತಿ ಎಳೆದು, ತಿರುಗಿ, ಮೊದಲೇ ಹೇಳಿದ ಗುರುತಿನಿಂದ ಮುಂದಕ್ಕೆ 200 ಅಡಿಯೊಳಗೆ ಇಳಿಸಬೇಕು. ಗುರುತಿಗಿಂತ ಒಂದಡಿ ಮೊದಲು ನೆಲ ಮುಟ್ಟಿದರೂ ಲೆಕ್ಕಕ್ಕಿಲ್ಲ.

ಮಲ್ಟಿ ಪರೀಕ್ಷೆ ನಿರ್ಧಾರ ನೋಡುತ್ತೆ. ಒಂದು ಇಂಜಿನ್ ನಿಂತರೆ ಹೋಗೋದು ಅರ್ಧ ಶಕ್ತಿ. ಆದರೆ ಮೇಲೇರುವ ಸಾಮರ್ಥ್ಯ ಶೇ. 80ರಷ್ಟೋ ಅದಕ್ಕಿಂತ ಹೆಚ್ಚೋ ಕುಸಿಯುತ್ತೆ. ಜೊತೆಗೆ ಓಡುತ್ತಿರುವ ಇಂಜಿನ್ ವಿಮಾನವನ್ನು ಸತ್ತ ಇಂಜಿನ್ ಕಡೆಗೇ ತಿರುಗಿಸುತ್ತೆ. ವೇಗ ಒಂದು ಮಿತಿಗಿಂತ ಇಳಿದರೆ ರಡ್ಡರ್‌ಗೆ ಅದನ್ನು ತಡೆಯುವ ಬಲ ಸಾಲಲ್ಲ. ವೇಗಮಾಪಕದ ಕೆಂಪು ಗೆರೆ ಅದೇ ಮಿತಿ. ನೀಲಿ ಗೆರೆ, ಒಂದೇ ಇಂಜಿನ್‌ನಲ್ಲಿ ಚೆನ್ನಾಗಿ ಏರುವ ವೇಗ. ನಾನು ಕಲಿಯುತ್ತಿರುವ ಪೈಪರ್ ಸೆಮಿನೋಲ್‌ನಲ್ಲಿ ಇವು 56 ಮತ್ತು 88 ನಾಟ್. ಈ ಎರಡು ಸಂಖ್ಯೆ ಈಗ ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತವೆ.

ತಾರೀಖಿನಿಂದ ಹಿಂದಕ್ಕೆ ಲೆಕ್ಕ ಹಾಕಿ

• ಎಕ್ಸಾಮಿನರ್ ತಾರೀಖು ಮೊದಲು ಹಿಡಿಯಿರಿ. ಅದು ಸಿಗೋದೇ ಕಷ್ಟ. ಶುಲ್ಕ ಅವರವರೇ ನಿಗದಿ ಮಾಡ್ತಾರೆ, ಮೊದಲೇ ಕೇಳಿ.
• ಲಿಖಿತ ಪರೀಕ್ಷೆಯ ಫಲಿತಾಂಶಕ್ಕೆ 24 ತಿಂಗಳ ಆಯಸ್ಸು. ಚೆಕ್‌ರೈಡ್‌ಗೆ ಮುಂಚಿನ ಎರಡು ತಿಂಗಳೊಳಗೆ ಇನ್‌ಸ್ಟ್ರಕ್ಟರ್ ಜೊತೆ 3 ಗಂಟೆ ತಯಾರಿ ಆಗಿರಬೇಕು.
• ವಿಮಾನದ ವಾರ್ಷಿಕ ತಪಾಸಣೆಯ ದಾಖಲೆ ನೀವೇ ನೋಡಿ. ಪೇಪರ್ ಸರಿಯಿಲ್ಲದ ವಿಮಾನದಲ್ಲಿ ಪರೀಕ್ಷೆಯೇ ಇಲ್ಲ.
• ಅಮೆರಿಕದ ಪ್ರಜೆಯಲ್ಲದವರು ಮಲ್ಟಿ ತರಬೇತಿಗೂ ಟಿಎಸ್‌ಎ ಭದ್ರತಾ ಅನುಮತಿ ಪಡೆಯಬೇಕು. ಆ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿ.
• ಇನ್‌ಸ್ಟ್ರುಮೆಂಟ್ ರೇಟಿಂಗ್ ಇದ್ದವರು ಮಲ್ಟಿ ಪರೀಕ್ಷೆಯಲ್ಲೇ ಒಂದು ಇಂಜಿನ್ ಮೇಲೆ ಇನ್‌ಸ್ಟ್ರುಮೆಂಟ್ ಅಪ್ರೋಚ್ ತೋರಿಸಿ. ಇಲ್ಲದಿದ್ದರೆ ಮಲ್ಟಿ ರೇಟಿಂಗ್ ಮೇಲೆ 'ವಿಎಫ್‌ಆರ್ ಮಾತ್ರ' ಅಂತ ಬೀಳುತ್ತೆ, ಮೋಡದೊಳಗೆ ಹಾರುವಂತಿಲ್ಲ.

ನಡುವೆ ನಿಂತರೆ?

ಗಾಳಿ ಜೋರಾದರೆ ಪರೀಕ್ಷೆ ಅರ್ಧಕ್ಕೆ ನಿಲ್ಲಿಸಬಹುದು. ಮುಗಿದ ಭಾಗ 60 ದಿನ ಲೆಕ್ಕದಲ್ಲಿರುತ್ತೆ. ಫೇಲಾದರೂ ಅಷ್ಟೇ, ಮತ್ತೆ ತರಬೇತಿ ಪಡೆದು ಉಳಿದದ್ದನ್ನಷ್ಟೇ ಕೊಡಬಹುದು. ಆದರೆ ಫೇಲಾದದ್ದು ದಾಖಲೆಯಲ್ಲಿ ಉಳಿಯುತ್ತೆ. ಹಾಗಾಗಿ ಗಾಳಿ ನೋಡಿ "ಇವತ್ತು ಬೇಡ" ಅನ್ನೋಕೆ ಸಂಕೋಚ ಬೇಡ. ಆ ನಿರ್ಧಾರವೂ ಪೈಲಟ್ ಕೆಲಸವೇ.

ನನ್ನ ಸಿಂಗಲ್ ಮುಗಿದಿದೆ. ಮಲ್ಟಿ ತಡವಾದರೂ ಕೈಯಲ್ಲೊಂದು ಕಮರ್ಷಿಯಲ್ ಲೈಸೆನ್ಸ್ ಇದೆ ಅನ್ನೋದೇ ದೊಡ್ಡ ಧೈರ್ಯ. ಸೈಟ್ ದುಡ್ಡಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ನಿಮ್ಮ ಮನೆಯಲ್ಲೂ ಯಾರಾದ್ರೂ ಈ ದಾರಿಯಲ್ಲಿದ್ದರೆ, "ಎಷ್ಟು ಗಂಟೆ ಆಯ್ತು?" ಅಂತ ಕೇಳಬೇಡಿ. "ತಾರೀಖು ಸಿಕ್ತಾ?" ಅಂತ ಕೇಳಿ.