ಬೆಂಗಳೂರಿನ ಹೆಸರು ಹೊತ್ತ ಕಲ್ಲು

ಮಕ್ಕಳೇ, ನಮ್ಮ ಹುಳಿಮಾವು ಸೇರಿರುವುದು ಬೇಗೂರು ಹೋಬಳಿಗೆ. ಗಂಗರ ಕಾಲದಲ್ಲಿ ಬೇಗೂರಿನ ಹೆಸರು ಬೆಂಪೂರು. ಅದು ಹನ್ನೆರಡು ಹಳ್ಳಿಗಳ ಪುಟ್ಟ ನಾಡು.

ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ನಾನು ನೋಡಿದ ವೀರಗಲ್ಲು ಸುಮಾರು ಕ್ರಿ.ಶ. 890ರದು. ‘ಬೆಂಗಳೂರು ಕಾಳಗ’ದಲ್ಲಿ ಬುಟ್ಟಣಸೆಟ್ಟಿ ಮಡಿದನೆಂದು ಅದರಲ್ಲಿ ಕೆತ್ತಿದ್ದಾರೆ. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ. ಅದಕ್ಕೂ ಸುಮಾರು ಆರೂವರೆ ಶತಮಾನ ಮೊದಲೇ ಬೆಂಗಳೂರೆಂಬ ಹೆಸರಿತ್ತು! ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಕೊಟ್ಟ ಬೆಂದಕಾಳಿನಿಂದ ಊರಿಗೆ ಹೆಸರು ಬಂತೆಂಬುದು ಚೆಂದದ ಕಥೆ. ಆದರೆ ಈ ಕಲ್ಲು ಹೊಯ್ಸಳರಿಗಿಂತಲೂ ಹಳೆಯದು.

ಬೇಗೂರಿನ ಇನ್ನೊಂದು ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಯುದ್ಧದಲ್ಲಿ ನಾಗತ್ತರ ಮಡಿದ. ಗಂಗ ದೊರೆ ಎರೆಯಪ್ಪ ಬೆಂಪೂರು ಹನ್ನೆರಡನ್ನು ಇರುಗನಿಗೆ ಕೊಟ್ಟ. ಕಲ್ಲಿನ ತುಂಬ ಆನೆ, ಕುದುರೆ, ಕತ್ತಿ ಹಿಡಿದ ಕಾಲಾಳುಗಳು.

ಎಷ್ಟೋ ಊರುಗಳಲ್ಲಿ ಇಂಥ ಕಲ್ಲುಗಳು ಬಟ್ಟೆ ಒಗೆಯುವ ಬಂಡೆಯಾಗಿವೆ, ಮೋರಿಗೆ ಹಾಸಾಗಿವೆ. ಒಂದು ಕಲ್ಲು ಒಡೆದರೆ ಒಂದು ಊರಿನ ನೆನಪೇ ಹೋದಂತೆ. ಅಜ್ಜ ಅಜ್ಜಿಯರೇ, ನಿಮ್ಮೂರಿನ ಕೆರೆ ಏರಿಯ ಮೇಲೆ, ಗುಡಿಯ ಪಕ್ಕದಲ್ಲಿ ಅಂಥ ಕಲ್ಲಿದ್ದರೆ ಮೊಮ್ಮಕ್ಕಳ ಕೈಹಿಡಿದು ಕರೆದೊಯ್ದು ತೋರಿಸಿ.